ಸಹಾಯ ಬೇಕು: ಜಿಪ್ಸಿಗೆ 215 ಟೈರ್ ಹಾಕಲೋ, 235 ಹಾಕಲೋ?

ಎಲ್ಲರಿಗೂ ನಮಸ್ಕಾರ. ಭಾಗಮಂಡಲದ ಹತ್ತಿರ ನಮ್ಮ ಕಾಫಿ ತೋಟ. ಮನೆಯಲ್ಲಿ ಹಳೇ ಮಾರುತಿ ಜಿಪ್ಸಿ ಇದೆ, 1.3 ಲೀಟರ್ ಪೆಟ್ರೋಲ್. ಟೈರ್ ಸವೆದು ನುಣ್ಣಗಾಗಿವೆ. ಹೋದ ಕಕ್ಕಡ ಮಾಸದ ಮಳೆಯಲ್ಲಿ ತೋಟದ ಏರಿನ ಅರ್ಧಕ್ಕೆ ನಿಂತು ಹಿಂದಕ್ಕೆ ಜಾರಿತು. ಸಿಲ್ವರ್ ಓಕ್ ಮರವೊಂದು ತಡೆಯಿತು, ಇಲ್ಲದಿದ್ದರೆ ಸೀದಾ ತೋಡಿಗೆ!

ಈಗಿರುವುದು 205/70 ಆರ್15, ಅಂದರೆ ಟೈರ್ ಅಗಲ 205 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ಶೇ. 70, ರಿಮ್ 15 ಇಂಚು. ಲೆಕ್ಕ ಹಾಕಿದರೆ ಟೈರ್ ಎತ್ತರ ಸುಮಾರು 668 ಮಿ.ಮೀ. 215/75 ಆರ್15 ಹಾಕಿದರೆ 704, 235/75 ಆದರೆ 734. ಆದರೆ ಗಾಡಿ ನೆಲದಿಂದ ಮೇಲೇಳುವುದು ಹೆಚ್ಚಿದ ಎತ್ತರದ ಅರ್ಧ ಮಾತ್ರ, ಅಲ್ವಾ? 235 ಹಾಕಿದರೂ ಸಿಗುವುದು 33 ಮಿ.ಮೀ. ಅಷ್ಟೇ. ಮೇಲಾಗಿ ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾಗಿ 66ರ ಹತ್ತಿರ ಓಡುತ್ತಿರುತ್ತೇವೆ. ಸಣ್ಣ ಎಂಜಿನ್‌ಗೆ ಏರಿನಲ್ಲಿ ಭಾರವೂ ಜಾಸ್ತಿ.

ಟೈರ್ ಅಂಗಡಿಯವರು ಮಾತ್ರ 235 ಹಾಕಿ, ಲುಕ್ ಬರುತ್ತದೆ ಅನ್ನುತ್ತಾರೆ. ಲುಕ್ ಯಾರಿಗೆ ಬೇಕು? ಗೊಬ್ಬರದ ಮೂಟೆ ಹೊತ್ತು ಏರು ಹತ್ತಿದರೆ ಸಾಕು. ಅಗಲ ಕಡಿಮೆ ಇದ್ದರೆ ಟೈರ್ ಕೆಸರನ್ನು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆ ಅಂತ ನನ್ನ ಲೆಕ್ಕ. ಹಾಗಾಗಿ ಮನಸ್ಸು 215ರ ಕಡೆಗೇ ಇದೆ.

ಹಾಕಿಸಿದವರು ಹೇಳಿ: ಸಸ್ಪೆನ್ಷನ್ ಎತ್ತರಿಸದೆ 215 ಹಾಕಿ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಎಲ್ಲಾದರೂ ಉಜ್ಜುತ್ತದಾ? ಹಳೇ ರಿಮ್ಮೇ ಸಾಕಾ? ಕೆಸರಿಗೆಂದೇ ಮಾಡಿದ ಮಡ್ ಟೆರೇನ್ ಟೈರ್ ಬೇಕಾ, ರಸ್ತೆಗೂ ಕಚ್ಚಾದಾರಿಗೂ ಆಗುವ ಆಲ್ ಟೆರೇನ್ ಸಾಕಾ? ವಾರಕ್ಕೆರಡು ಸಲ ಮಡಿಕೇರಿಗೆ ಹೋಗಬೇಕು, ಒದ್ದೆ ಡಾಂಬರು ತಿರುವುಗಳಲ್ಲಿ ಮಡ್ ಟೈರ್ ಜಾರುತ್ತದೋ ಅಂತ ಭಯ. ತೋಟದ ದಾರಿಯಲ್ಲಿ ಗಾಳಿ ಎಷ್ಟಿಡುತ್ತೀರಿ ಅನ್ನುವುದನ್ನೂ ತಿಳಿಸಿ. ಮಳೆ ಹಿಡಿಯುವ ಮೊದಲು ಹಾಕಿಸಬೇಕು.