ಅಡಿಕೆ ಧಾರಣೆಯ ನಡುವೆ ಪಾಲ್ ಆವ್ರಿಚ್

(ಹೋದ ತಿಂಗಳು ನಮ್ಮ ಮನೆಯವರ ವಾಟ್ಸಾಪ್ ಗುಂಪಿನಿಂದ ಮುನಿಸಿಕೊಂಡು ಹೊರಟುಹೋದ ಮಾವನಿಗೆ ಕಳುಹಿಸಲೆಂದು ಇದನ್ನು ನಕಲು ಮಾಡಿಟ್ಟೆ. ಶುಭೋದಯದ ಗುಲಾಬಿಗಳನ್ನು ತೆಗೆದಿದ್ದೇನೆ. ದೊಡ್ಡಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅವರ ಹೆದರಿಕೆಗೆ ನಮ್ಮ ಗುಂಪಿನಲ್ಲಿ ಎಲ್ಲರೂ ಪೂರ್ಣವಿರಾಮ ಹಾಕಿಯೇ ಬರೆಯುತ್ತಾರೆ.)

ನ್ಯೂಯಾರ್ಕ್ ಅಣ್ಣ, ಬೆಳಿಗ್ಗೆ 7:10
[ಫಾರ್ವರ್ಡ್ ಮಾಡಿದ್ದು] ಪಾಲ್ ಆವ್ರಿಚ್ (1931–2006). ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಇತಿಹಾಸಕಾರ. ರಷ್ಯಾ ಮತ್ತು ಅಮೆರಿಕದ ಅರಾಜಕತಾವಾದಿಗಳ ಬಗ್ಗೆ ಜೀವನವಿಡೀ ಬರೆದವರು. ತಾವು ಕೂಡಿಟ್ಟ ಸಾವಿರಾರು ಪುಸ್ತಕ, ಕರಪತ್ರ, ಪತ್ರಿಕೆಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟರು.

ಪುಟ್ಟೀ, ನಿನ್ನ ಪಿಎಚ್‌ಡಿಗೆ ಬೇಕಾಗಬಹುದು. ನನ್ನ ಮನೆಯ ಹತ್ತಿರದ ಕ್ವೀನ್ಸ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದವರು.

ದೊಡ್ಡಪ್ಪ, 7:31
ಅರಾಜಕತೆಯನ್ನು ಅರಿಯಲು ಅಮೆರಿಕದ ವಿದ್ವಾಂಸರು ಬೇಕೇ? ಸಂತೆಯ ದಿನ ನಮ್ಮ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಸಾಕು.

ಚಿಕ್ಕಮ್ಮ, 7:33
ಭಾವ, ಇವತ್ತು ರಾಶಿ ಅಡಿಕೆಗೆ ಎಷ್ಟಂತೆ?

ನಾನು, 7:40
ದೊಡ್ಡಪ್ಪ, ಅದು ಪತ್ರಿಕೆಯವರ ಅರಾಜಕತೆ. ಇದು ವಾದ. ಸರ್ಕಾರ, ಮಾಲೀಕ, ಪಾದ್ರಿ ಯಾರೂ ತಲೆಯ ಮೇಲೆ ಕೂರಬಾರದು, ಜನ ತಾವೇ ಒಪ್ಪಿ ಕೂಡಿ ಬಾಳಬಲ್ಲರು ಎನ್ನುವವರು.

ದೊಡ್ಡಪ್ಪ, 7:52
ಶಾಂತಿಪರ್ವ ತೆಗೆದು ನೋಡು. ಅರಾಜಕವಾದ ನಾಡಿನಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ. ಎರಡು ಸಾವಿರ ವರ್ಷದ ಹಿಂದೆಯೇ ತೀರ್ಮಾನವಾದ ವಿಷಯ.

ಧಾರವಾಡದ ಅತ್ತೆ, 8:05
ರಾಜರಿದ್ದಾಗ ಮೀನುಗಳು ಏಕಾದಶಿ ಮಾಡುತ್ತಿದ್ದವೇನೋ ಅಣ್ಣ?

ದೊಡ್ಡಪ್ಪ, 8:09
ನೀನು ಇತಿಹಾಸದ ಲೆಕ್ಚರರ್ ಆಗಿದ್ದವಳು. ಕುಚೋದ್ಯ ಬಿಟ್ಟು ಹೇಳು. ಮೂವತ್ತು, ನಲವತ್ತು ವರ್ಷ ಅವರ ಮನೆಗಳಿಗೆ ಅಲೆದು, ಅವರ ಕಾಗದವನ್ನೆಲ್ಲ ಕೂಡಿಟ್ಟವನು ಅವರವನೇ ಆಗಿರುವುದಿಲ್ಲವೇ? ಪ್ರೀತಿ ಇಲ್ಲದೆ ಯಾರು ಅಷ್ಟು ಅಲೆಯುತ್ತಾರೆ?

ಧಾರವಾಡದ ಅತ್ತೆ, 8:14
ಪ್ರೀತಿ ಇತ್ತು. ಅದನ್ನು ಅವರು ಮುಚ್ಚಿಡಲೂ ಇಲ್ಲ.

ಬ್ಯಾಂಕ್ ಚಿಕ್ಕಪ್ಪ, 8:20
ಅಣ್ಣ ಹೇಳುವುದು ಸರಿ. ನಾನು ಇಪ್ಪತ್ತಾರು ವರ್ಷ ಯೂನಿಯನ್ ಖಜಾಂಚಿಯಾಗಿದ್ದೆ. ಪ್ರತಿ ಮೇ 1ಕ್ಕೆ ಬಾವುಟ ಹಾರಿಸಿದ್ದೇನೆ. ಬಾಂಬು ಗೀಂಬು ಎನ್ನುವವರನ್ನು ಹತ್ತಿರ ಸೇರಿಸಲಿಲ್ಲ.

ನಾನು, 8:34
ಚಿಕ್ಕಪ್ಪ, ಆ ಬಾವುಟದ ಬುಡದಲ್ಲಿ ಇರುವವರೇ ಇವರು. 1886ರ ಮೇ 1ರಂದು ಎಂಟು ಗಂಟೆ ದುಡಿಮೆಗಾಗಿ ಅಮೆರಿಕದಲ್ಲಿ ಮುಷ್ಕರ ಶುರುವಾಯಿತು. ಮೇ 4ರ ರಾತ್ರಿ ಷಿಕಾಗೋದ ಹೇಮಾರ್ಕೆಟ್‌ನಲ್ಲಿ ಸಭೆ. ಮಳೆಯ ಮೋಡ ಕವಿದು ಜನ ಕರಗುತ್ತಿದ್ದರು, ಕೊನೆಯ ಭಾಷಣ ಮುಗಿಯುವುದರಲ್ಲಿತ್ತು. ಆಗ ಪೊಲೀಸರು ನುಗ್ಗಿದರು, ಯಾರೋ ಬಾಂಬ್ ಎಸೆದರು. ಎಸೆದವನು ಯಾರೆಂದು ನ್ಯಾಯಾಲಯದಲ್ಲಿ ಸಾಬೀತಾಗಲೇ ಇಲ್ಲ. ಆದರೂ ಎಂಟು ಅರಾಜಕತಾವಾದಿಗಳಿಗೆ ಶಿಕ್ಷೆಯಾಯಿತು. 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಐದನೆಯವನು ಹಿಂದಿನ ದಿನವೇ ಸೆರೆಮನೆಯಲ್ಲಿ ಸತ್ತಿದ್ದ. ಉಳಿದ ಮೂವರನ್ನು 1893ರಲ್ಲಿ ಇಲಿನಾಯ್ ರಾಜ್ಯಪಾಲ ಆಲ್ಟ್‌ಗೆಲ್ಡ್ ಬಿಡುಗಡೆ ಮಾಡಿದ, ವಿಚಾರಣೆಯೇ ಅನ್ಯಾಯದ್ದು ಎಂದು ಬರೆದಿಟ್ಟು. 1984ರಲ್ಲಿ ಆವ್ರಿಚ್ ಇದರ ಮೇಲೆ ದೊಡ್ಡ ಪುಸ್ತಕ ಬರೆದರು.

ಬ್ಯಾಂಕ್ ಚಿಕ್ಕಪ್ಪ, 8:41
ಇದನ್ನು ನಮಗೆ ಯೂನಿಯನ್ನಿನಲ್ಲಿ ‘ಷಿಕಾಗೋ ಹುತಾತ್ಮರು’ ಎಂದಷ್ಟೇ ಹೇಳುತ್ತಿದ್ದರು.

ನ್ಯೂಯಾರ್ಕ್ ಅಣ್ಣ, 8:43
ಈ ಸಂದೇಶವನ್ನು ಅಳಿಸಲಾಗಿದೆ.

ದೊಡ್ಡಪ್ಪ, 8:44
ಅಳಿಸುವ ಮೊದಲೇ ಓದಿದೆ. ನನ್ನ ಮೊಬೈಲಿನಲ್ಲಿ ಭಗತ್ ಸಿಂಗ್ ಚಿತ್ರ ಇರುವುದಕ್ಕೂ ಇದಕ್ಕೂ ಏನು ಸಂಬಂಧ?

ಧಾರವಾಡದ ಅತ್ತೆ, 8:50
ಇದೆ ಅಣ್ಣ. 1929ರ ಏಪ್ರಿಲ್ 8ರಂದು ದೆಹಲಿಯ ಶಾಸನಸಭೆಯಲ್ಲಿ ಬಾಂಬಿನ ಜೊತೆ ಎಸೆದ ಕರಪತ್ರದ ಮೊದಲ ಸಾಲು, ಕಿವುಡರಿಗೆ ಕೇಳಿಸಬೇಕಾದರೆ ದೊಡ್ಡ ದನಿ ಬೇಕು ಎನ್ನುವುದು, ಫ್ರಾನ್ಸಿನ ಅರಾಜಕತಾವಾದಿ ವೈಯಾನ್‌ನದು. ಕರಪತ್ರದಲ್ಲೇ ಅವನ ಹೆಸರಿದೆ.

ದೊಡ್ಡಪ್ಪ, 9:15
ಇರಲಿ. ನೀವೆಲ್ಲರೂ ಪೇಟೆಯಲ್ಲಿದ್ದಿರಿ. ಕಾಡಿನಂಚಿನ ಮನೆಯಲ್ಲಿ ಇದ್ದವರು ನಾನು ಮತ್ತು ನಿಮ್ಮ ಅತ್ತಿಗೆ. ಆ ವರ್ಷಗಳಲ್ಲಿ ರಾತ್ರಿ ಬಂದೂಕು ಹಿಡಿದು ಅನ್ನ ಕೇಳಲು ಒಬ್ಬರು ಬರುತ್ತಿದ್ದರು, ಹಗಲು ಬಂದೂಕು ಹಿಡಿದು ಅನ್ನ ಕೊಟ್ಟಿರಾ ಎಂದು ಕೇಳಲು ಇನ್ನೊಬ್ಬರು ಬರುತ್ತಿದ್ದರು. ನಾಯಿ ಬೊಗಳಿದರೆ ಇವತ್ತಿಗೂ ನಾನು ದೀಪ ಹಾಕುವುದಿಲ್ಲ. ಮನೆಯ ಹುಡುಗಿಯೊಬ್ಬಳು ಇದನ್ನೇ ಅಧ್ಯಯನ ಮಾಡುತ್ತೇನೆ ಎಂದರೆ ಸಂತೋಷಪಡಬೇಕೇ?

ಚಿಕ್ಕಮ್ಮ, 9:16
🙏

(ಇಪ್ಪತ್ತು ನಿಮಿಷ ಯಾರೂ ಏನೂ ಬರೆಯಲಿಲ್ಲ. ಈ ಗುಂಪಿನಲ್ಲಿ ಅದು ದಾಖಲೆ.)

ಧಾರವಾಡದ ಅತ್ತೆ, 9:38
ಅಣ್ಣ, ನೀನು ಹೇಳಿದ್ದು ಸುಳ್ಳಲ್ಲ. ಅದಕ್ಕೇ ಆವ್ರಿಚ್ ಬಗ್ಗೆ ಒಂದು ವಿಷಯ ಹೇಳುತ್ತೇನೆ, ಸಮಾಧಾನವಾಗಿ ಓದು. ರಷ್ಯಾದ ಪೆಟ್ರೊಗ್ರಾಡ್ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಎದುರಿನ ಸಮುದ್ರದಲ್ಲಿ ಕ್ರಾನ್‌ಸ್ಟಾಟ್ ಎನ್ನುವ ನೌಕಾ ಕೋಟೆ. 1917ರ ಕ್ರಾಂತಿಯಲ್ಲಿ ಅಲ್ಲಿನ ನಾವಿಕರು ಲೆನಿನ್ ಪಕ್ಷದವರಾದ ಬೋಲ್ಷೆವಿಕರ ಕಣ್ಮಣಿಗಳು. 1921ರ ಮಾರ್ಚ್‌ನಲ್ಲಿ ಅವರೇ ತಿರುಗಿಬಿದ್ದರು. ಸೋವಿಯತ್ತುಗಳಿಗೆ, ಅಂದರೆ ಕಾರ್ಮಿಕರ, ಸೈನಿಕರ ಸಭೆಗಳಿಗೆ, ಗುಪ್ತಮತದಾನದ ಹೊಸ ಚುನಾವಣೆ ಬೇಕು, ಮಾತನಾಡುವ ಸ್ವಾತಂತ್ರ್ಯ ಬೇಕು ಎಂದರು. ಲೆನಿನ್ ಸರ್ಕಾರ, ಇದೆಲ್ಲ ಹೊರದೇಶಕ್ಕೆ ಓಡಿಹೋದ ‘ಬಿಳಿಯರ’, ಅಂದರೆ ಬೋಲ್ಷೆವಿಕರ ವಿರುದ್ಧ ಕಾದಾಡಿದ ರಷ್ಯನ್ನರ, ಪಿತೂರಿ ಎಂದಿತು. ಸೈನಿಕರಿಗೆ ಬಿಳಿ ಬಟ್ಟೆ ಹೊದೆಸಿ, ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕಳುಹಿಸಿ ಕೋಟೆ ಹಿಡಿಯಿತು. ಅರಾಜಕತಾವಾದಿಗಳಿಗೆ ಆ ನಾವಿಕರೆಂದರೆ ದೇವರು.

ಈಗ ಕೇಳು. ಕೊಲಂಬಿಯಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿ ಆವ್ರಿಚ್‌ಗೆ ಒಂದು ಗುಪ್ತ ಟಿಪ್ಪಣಿ ಸಿಕ್ಕಿತು. ಓಡಿಹೋದ ಆ ಬಿಳಿಯರ ಕಡೆಯವರೇ ಬರೆದದ್ದು, ದಂಗೆಗೂ ಮುಂಚೆ. ಕ್ರಾನ್‌ಸ್ಟಾಟ್‌ನಲ್ಲಿ ದಂಗೆ ಏಳಲಿದೆ, ನಾವು ಹೀಗೆ ಹೀಗೆ ನೆರವು ಒದಗಿಸಬೇಕು ಎನ್ನುವ ಯೋಜನೆ. ಅವರವನೇ ಆಗಿದ್ದರೆ ಅದನ್ನು ಮಡಚಿ ಫೈಲಿನೊಳಗೆ ಮತ್ತೆ ಇಡಬಹುದಿತ್ತು. ಯಾರು ಕೇಳುತ್ತಿದ್ದರು? ಆವ್ರಿಚ್ 1970ರ ತಮ್ಮ ಪುಸ್ತಕದಲ್ಲಿ ಅದನ್ನು ಪೂರ್ತಿ ಅಚ್ಚು ಹಾಕಿದರು. ಆಮೇಲೆ ಸಾಕ್ಷ್ಯ ಜಾಲಾಡಿ, ಈ ಯೋಜನೆ ಕಾರ್ಯರೂಪಕ್ಕೆ ಬಂದದ್ದಕ್ಕೆ ಆಧಾರವಿಲ್ಲ, ನಾವಿಕರು ತಾವಾಗಿಯೇ ಎದ್ದರು ಎಂದು ತೋರಿಸಿದರು.

ದೊಡ್ಡಪ್ಪ, 9:55
ಕೊನೆಗೆ ತನ್ನವರನ್ನು ಬಿಡಿಸಿಕೊಂಡನಲ್ಲ!

ಧಾರವಾಡದ ಅತ್ತೆ, 9:58
ಅದೂ ಪೂರ್ತಿ ಅಲ್ಲ. ಇತಿಹಾಸಕಾರ ಬಂಡುಕೋರರಿಗಾಗಿ ಮರುಗಬಹುದು, ಆದರೂ ಬೋಲ್ಷೆವಿಕರು ಅವರನ್ನು ಅಡಗಿಸಿದ್ದಕ್ಕೆ ಕಾರಣವಿತ್ತೆಂದು ಒಪ್ಪಬಹುದು ಎಂಬ ಅರ್ಥದ ಮಾತು ಬರೆದರು. ಅರಾಜಕತಾವಾದಿಗಳಿಗೆ ಈ ಮಾತು ಇವತ್ತಿಗೂ ಗಂಟಲಿನಲ್ಲಿ ಇಳಿಯುವುದಿಲ್ಲ.

ದೊಡ್ಡಪ್ಪ, 10:02
ಇಬ್ಬರದೂ ಸರಿ ಎನ್ನುವುದು ತೀರ್ಪಲ್ಲ. ಅದು ಮದುವೆ ದಲ್ಲಾಳಿಯ ಮಾತು.

ನಾನು, 10:04
ಆ ವಾಕ್ಯವನ್ನು ನಾನೂ ಒಪ್ಪುವುದಿಲ್ಲ ದೊಡ್ಡಪ್ಪ. ಆದರೆ ಒಪ್ಪದಿರಲು ಬೇಕಾದ ಕಾಗದವನ್ನು ನನ್ನ ಕೈಗೆ ಕೊಟ್ಟವರು ಅವರೇ. ಸಾಕೊ, ವಾನ್ಜೆಟ್ಟಿ ವಿಷಯದಲ್ಲೂ ಹೀಗೆಯೇ. ಇಟಲಿಯಿಂದ ಅಮೆರಿಕಕ್ಕೆ ಬಂದ ಇಬ್ಬರು ಅರಾಜಕತಾವಾದಿಗಳು, ಒಬ್ಬ ಶೂ ಕಾರ್ಖಾನೆಯ ಕೆಲಸಗಾರ, ಇನ್ನೊಬ್ಬ ಮೀನು ಮಾರುವವನು. ದರೋಡೆ, ಕೊಲೆ ಮಾಡಿದರೆಂದು 1927ರಲ್ಲಿ ಇಬ್ಬರನ್ನೂ ವಿದ್ಯುತ್ ಕುರ್ಚಿಯಲ್ಲಿ ಕೊಂದರು. ಪಾಪದ ಕನಸುಗಾರರು ಎಂದು ಲೋಕವೆಲ್ಲ ಅತ್ತಿತು. ಆವ್ರಿಚ್ ಇಟಾಲಿಯನ್ ಪತ್ರಿಕೆಗಳನ್ನು ಓದಿ, ಮುದುಕರನ್ನು ಮಾತನಾಡಿಸಿ, ಇವರು ಬಾಂಬಿನ ದಾರಿ ಹಿಡಿದಿದ್ದ ಬಳಗದವರೇ ಎಂದು 1991ರಲ್ಲಿ ಬರೆದರು. ವಿಚಾರಣೆ ಅನ್ಯಾಯದ್ದು ಎನ್ನುವುದನ್ನೂ ಬಿಟ್ಟುಕೊಡಲಿಲ್ಲ.

ದೊಡ್ಡಪ್ಪ, 10:20
ಮುದುಕರನ್ನು ಮಾತನಾಡಿಸುವುದು ಎಂದರೆ ಹೇಗೆ? ಕರೆಸುತ್ತಿದ್ದನೋ, ತಾನೇ ಹೋಗುತ್ತಿದ್ದನೋ?

ನಾನು, 10:23
ತಾವೇ ಹೋಗುತ್ತಿದ್ದರು. ದರ್ಜಿಗಳು, ಅಚ್ಚುಮೊಳೆ ಜೋಡಿಸುತ್ತಿದ್ದವರು, ಶಾಲೆ ನಡೆಸಿದವರು, ರಷ್ಯಾದ ಅರಾಜಕತಾವಾದಿ ಚಿಂತಕ ಕ್ರೊಪೊಟ್ಕಿನ್‌ನ ಮಗಳು ಕೂಡ. 1995ರಲ್ಲಿ ಅಂಥ 180 ಜನರ ಮಾತುಗಳನ್ನು ಒಂದು ಪುಸ್ತಕವಾಗಿ ತಂದರು. ಒಬ್ಬರ ಬಗ್ಗೆ ಇನ್ನೊಬ್ಬರು ದೂರುವುದನ್ನೂ ಹಾಗೆಯೇ ಬಿಟ್ಟಿದ್ದಾರೆ. ಅವರಲ್ಲಿ ಬಹಳಷ್ಟು ಜನರನ್ನು ಅದಕ್ಕೂ ಮೊದಲು ಯಾರೂ ಏನೂ ಕೇಳಿರಲಿಲ್ಲ.

ನ್ಯೂಯಾರ್ಕ್ ಅಣ್ಣ, 10:25
ಕೊನೆಯ ಪುಸ್ತಕ ಮುಗಿಸಲು ಅವರಿಂದ ಆಗಲಿಲ್ಲ. ಮಗಳು ಕ್ಯಾರನ್ ಅದನ್ನು ಮುಗಿಸಿ 2012ರಲ್ಲಿ ಹೊರತಂದಳು.

ಚಿಕ್ಕಮ್ಮ, 10:31
ನಮ್ಮ ಹುಡುಗಿಯ ಪಿಎಚ್‌ಡಿಯನ್ನು ಯಾರು ಮುಗಿಸಬೇಕಾಗುತ್ತದೋ. ಅಡಿಕೆ ಧಾರಣೆ ಇನ್ನೂ ಯಾರೂ ಹೇಳಲಿಲ್ಲ.

ದೊಡ್ಡಪ್ಪ, 10:40
ನನ್ನ ಅಭಿಪ್ರಾಯ ಬದಲಾಗಿಲ್ಲ. ಪುಟ್ಟೀ, ದೀಪಾವಳಿಗೆ ಬಾ. ಹೇಳುವುದನ್ನು ಹೇಳುತ್ತೇನೆ. ನನ್ನ ಹೆಸರು ಹಾಕಕೂಡದು. ರೆಕಾರ್ಡ್ ಮಾಡಕೂಡದು. ಕಾಗುಣಿತ ತಪ್ಪಿದರೆ ಎದ್ದುಹೋಗುತ್ತೇನೆ.

ದೊಡ್ಡಪ್ಪ, 10:58
ಪುಟ್ಟಿ ಇದು ದೊಡ್ಡಮ್ಮ ಅವರು ತೋಟಕ್ಕೆ ಹೋದರು ಅದಕ್ಕೆ ಬರೆಯುತ್ತಿದ್ದೇನೆ. ಆ ರಾತ್ರಿ ಬಂದವರಲ್ಲಿ ಒಬ್ಬಳು ಹುಡುಗಿ ನಿನ್ನಷ್ಟೇ ವಯಸ್ಸು. ಬೇಡ ಎಂದರೂ ಕೇಳದೆ ಎಲ್ಲರ ತಟ್ಟೆ ತೊಳೆದು ಬಚ್ಚಲ ಕಟ್ಟೆಯ ಮೇಲೆ ಮಗುಚಿ ಇಟ್ಟು ಹೋದಳು. ಇವರು ಅದನ್ನು ಯಾರಿಗೂ ಹೇಳುವುದಿಲ್ಲ. ಬರೆದುಕೊ

ದೊಡ್ಡಪ್ಪ, 11:47
ಮೇಲಿನ ಸಂದೇಶ ನನ್ನದಲ್ಲ. ಪೂರ್ಣವಿರಾಮ ನೋಡಿದರೇ ತಿಳಿಯುತ್ತದೆ.