ಬ್ರಹ್ಮಾವರದಲ್ಲಿ ಸ್ವಾವಲಂಬಿ ಬದುಕು ಸಾಧ್ಯವೇ?

ಪ್ರಶ್ನೆ: ಮಂಗಳೂರಿನ ನೌಕರಿ ಬಿಟ್ಟು, ಬ್ರಹ್ಮಾವರದ ಬಳಿ ಇರುವ ಒಂದೂವರೆ ಎಕರೆಯಲ್ಲಿ ಮನೆಗೆ ಬೇಕಾದ ಅಕ್ಕಿ, ತೆಂಗು, ತರಕಾರಿ, ಹಾಲನ್ನು ನಾವೇ ಉತ್ಪಾದಿಸಿಕೊಂಡು ಬದುಕಬೇಕೆಂದು ಯೋಚಿಸುತ್ತಿದ್ದೇವೆ. ಇನ್ನೊಬ್ಬರ ಕೈಕೆಳಗಿನ ದುಡಿಮೆಗಿಂತ ಇದು ನಿಜಕ್ಕೂ ಹೆಚ್ಚು ಸ್ವತಂತ್ರವೇ?

ಉತ್ತರ 1: ಊಟದ ಮಟ್ಟಿಗೆ ಸಾಧ್ಯ, ಏಣೆಲು (ಮಳೆಗಾಲದ ಭತ್ತದ) ಬೆಳೆ ಚೆನ್ನಾಗಿ ಬಂದರೆ ಸಣ್ಣ ಕುಟುಂಬಕ್ಕೆ ವರ್ಷದ ಅಕ್ಕಿಯಾಗುತ್ತದೆ. ಆದರೆ ಉಪ್ಪು, ಬಟ್ಟೆ, ಔಷಧ, ಶಾಲೆಯ ಶುಲ್ಕಗಳಿಗೆ ಹಣವೇ ಬೇಕು.

ಉತ್ತರ 2: ನಮ್ಮ ಕರಾವಳಿ ತನ್ನಷ್ಟಕ್ಕೆ ತಾನೇ ಬದುಕಿದ ನಾಡಲ್ಲ. ಕುಂದಾಪುರದ ಬಳಿಯ ಬಸ್ರೂರಿನ ಬಂದರಿನಿಂದ ಹೊರಟ ಅಕ್ಕಿಯನ್ನು 16ನೆಯ ಶತಮಾನದಲ್ಲಿ ಪೋರ್ಚುಗೀಸರೂ ನೆಚ್ಚಿಕೊಂಡಿದ್ದರು. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಮಂಗಳೂರಿನಲ್ಲಿ ಆರಂಭಿಸಿದ ಹಂಚಿನ ಕಾರ್ಖಾನೆ ನೇತ್ರಾವತಿ ದಡದ ಜೇಡಿಮಣ್ಣನ್ನೇ ದೂರದೂರಿಗೆ ಹೋಗುವ ಸರಕಾಗಿಸಿತು. 1970ರ ದಶಕದ ಆರಂಭದಲ್ಲಿ ಅಡಿಕೆ ಧಾರಣೆ ಕುಸಿದಾಗಲೂ ಕರ್ನಾಟಕ, ಕೇರಳಗಳ ಬೆಳೆಗಾರರು ಮಾರುಕಟ್ಟೆಯಿಂದ ದೂರ ಸರಿಯಲಿಲ್ಲ, ಬದಲಿಗೆ 1973ರಲ್ಲಿ ಕ್ಯಾಂಪ್ಕೊ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿಕೊಂಡು ತಾವೇ ಖರೀದಿಗೆ ಇಳಿದರು. ನನ್ನ ದೃಷ್ಟಿಯಲ್ಲಿ ಸ್ವಾತಂತ್ರ್ಯವಿರುವುದು ಅಲ್ಲಿ: ವ್ಯಾಪಾರವನ್ನು ತೊರೆಯುವುದರಲ್ಲಿ ಅಲ್ಲ, ಬೆಲೆ ನಿರ್ಧರಿಸುವಾಗ ನಮ್ಮ ಮಾತಿಗೂ ತೂಕವಿರುವುದರಲ್ಲಿ.

ಉತ್ತರ 3: ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೂ ಮನೆಯ ಅಕ್ಕಿ ಕಣಜದಲ್ಲಿದ್ದವನಿಗೆ ಧಾರಣೆ ಏರುವವರೆಗೆ ಕಾಯುವ ಧೈರ್ಯವಿರುತ್ತದೆ ಎಂಬುದನ್ನು ಮರೆಯಬಾರದು. ಇಬ್ಬರಲ್ಲಿ ಒಬ್ಬರು ನೌಕರಿಯಲ್ಲಿ ಮುಂದುವರಿಯಿರಿ. ಜಾಗ ಹೊಳೆಯ ಸಮೀಪವಿದ್ದರೆ ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗೆ ಉಪ್ಪುನೀರು ನುಗ್ಗುತ್ತದೆಯೇ ಎಂದು ಮೊದಲು ಪರೀಕ್ಷಿಸಿರಿ.