ಮೂರಕ್ಕೆ ಗುಡುಗುತ್ತಿದ್ದ ಆಂಪ್ ಎಂಟಕ್ಕಿಟ್ಟರೂ ಪಿಸುಗುಡುತ್ತಿದೆ

ಶಹಾಪುರ ಗಿಟಾರ್, ಬೆಳಗಾವಿ:

ನನ್ನದು ಗಿಟಾರಿನ ಶಬ್ದ ಹೆಚ್ಚಿಸುವ 15 ವ್ಯಾಟ್‌ನ ಟ್ಯೂಬ್ ಆಂಪ್. ಒಂದೇ ಪೆಟ್ಟಿಗೆಯಲ್ಲಿ 12 ಇಂಚಿನ ಸ್ಪೀಕರ್, ಸಿಗ್ನಲ್ ಬೆಳೆಸುವ ಮೂರು 12ಎಎಕ್ಸ್7 ಟ್ಯೂಬು, ಸ್ಪೀಕರಿಗೆ ಬಲ ಕೊಡುವ ಎರಡು ಇಎಲ್84 ಟ್ಯೂಬು. ಆರು ವರ್ಷದ ಹಿಂದೆ ಪುಣೆಯಲ್ಲಿ ಒಬ್ಬರಿಂದ ಕೊಂಡು, ಬಸ್ಸಿನಲ್ಲಿ ಅದಕ್ಕೂ ಒಂದು ಟಿಕೆಟ್ ತೆಗೆಸಿ ತಂದೆ. ಇಷ್ಟು ದಿನ ವಾಲ್ಯೂಮ್ ಮೂರಕ್ಕೆ ಬಂದರೆ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲ್ ಡಬ್ಬಿಗಳು ನಡುಗುತ್ತಿದ್ದವು, ಅವ್ವ ಬೈಯುತ್ತಿದ್ದಳು. ಈಗ ಎಂಟಕ್ಕಿಟ್ಟರೂ ಅವ್ವ ಸುಮ್ಮನಿದ್ದಾಳೆ. ನನಗೆ ದಿಗಿಲಾದದ್ದೇ ಅದಕ್ಕೆ.

ಮಳೆಗಾಲದಲ್ಲಿ ಎರಡು ತಿಂಗಳು ಅದನ್ನು ಮುಟ್ಟಿರಲಿಲ್ಲ. ನಮ್ಮೂರ ಮಳೆ ಗೊತ್ತಲ್ಲ, ಗೋಡೆಯೇ ಬೆವರುತ್ತದೆ. ಗಿಟಾರಿನ ಚೀಲಕ್ಕೆ ಬೂಷ್ಟು ಹಿಡಿದಿತ್ತು. ಗಣೇಶೋತ್ಸವದ ಆರ್ಕೆಸ್ಟ್ರಾ ತಾಲೀಮಿಗೆಂದು ಹೊರತೆಗೆದೆ. ಮೊದಲ ಹಾಡು ಸರಿಯಿತ್ತು. ಎರಡನೆಯದರ ನಡುವೆ, ಪಕ್ಕದ ಕೋಣೆಯ ಬಾಗಿಲನ್ನು ಯಾರೋ ಎಳೆದುಕೊಂಡಂತೆ ಶಬ್ದ ಕುಸಿಯಿತು. ಹಾರ್ಮೋನಿಯಂ ನನ್ನನ್ನು ಮುಳುಗಿಸಿಬಿಟ್ಟಿತು. ಸಿಟ್ಟಿಗೆ ಪೆಟ್ಟಿಗೆಯ ನೆತ್ತಿಗೆ ಒಂದು ಗುದ್ದು ಕೊಟ್ಟೆ. ಕರಕರ ಎಂದು ಅರ್ಧ ನಿಮಿಷ ಪೂರ್ತಿ ಶಬ್ದ ಬಂದು ಮತ್ತೆ ಹೋಯಿತು. ಟ್ಯೂಬುಗಳೆಲ್ಲ ಕೆಂಪಗೆ ಹೊತ್ತಿಕೊಂಡಿವೆ. ಗುಂಯ್ ಎನ್ನುವ ಹಮ್ ಹೆಚ್ಚಾಗಿಲ್ಲ. ಕೇಬಲ್ ಬದಲಿಸಿದೆ, ಗಿಟಾರ್ ಬದಲಿಸಿದೆ, ಅದೇ ಕತೆ.

ಒಂದು ಅಂಗಡಿಗೆ ಒಯ್ದರೆ, ಹಿಂದಿನ ಹಲಗೆಯನ್ನೂ ಬಿಚ್ಚದೆ, ‘ಟ್ಯೂಬಿನಿಂದ ಸ್ಪೀಕರಿಗೆ ದಾಟಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿದೆ, ಕೊಲ್ಹಾಪುರಕ್ಕೆ ಕಳಿಸಿ ತಂತಿ ಸುತ್ತಿಸಬೇಕು, ಹಬ್ಬ ಮುಗಿದ ಮೇಲೆ ಬಾ’ ಎಂದರು. ಚೌತಿಗೆ ಒಂಬತ್ತು ದಿನ ಉಳಿದಿದೆ. ನಿಜವಾಗಿಯೂ ಟ್ರಾನ್ಸ್‌ಫಾರ್ಮರ್ ಇರಬಹುದೇ?

ನವನಗರದ ಬೇಸ್, ಬಾಗಲಕೋಟೆ:

ತಲೆ ಕೆಡಿಸಿಕೊಳ್ಳಬೇಡಿ, ಐದೂ ಟ್ಯೂಬ್ ಬದಲಿಸಿ. ನನ್ನದರಲ್ಲಿ ಒಂದು ಇಎಲ್84 ಸತ್ತಿತ್ತು. ಹೊಸ ಜೋಡಿ ಹಾಕಿದೊಡನೆ ಸರಿಹೋಯಿತು. ಹಾಗೆಯೇ ಕರೆಂಟಿನ ವೋಲ್ಟೇಜನ್ನೂ ಅಳೆದು ನೋಡಿ. ನಮ್ಮ ಹೊಲದ ಮನೆಯಲ್ಲಿ ಪಂಪ್‌ಸೆಟ್ಟುಗಳು ಶುರುವಾದರೆ 230 ಇರಬೇಕಾದದ್ದು 180ಕ್ಕೆ ಇಳಿಯುತ್ತದೆ. ಆಗ ಟ್ಯೂಬಿನ ಹೀಟರಿಗೆ 6.3 ವೋಲ್ಟ್ ಬದಲು ಐದೂ ಸಿಗುವುದಿಲ್ಲ, ಆಂಪ್ ಆಕಳಿಸುತ್ತ ಕೂರುತ್ತದೆ.

ಶಹಾಪುರ ಗಿಟಾರ್, ಬೆಳಗಾವಿ:

ವೋಲ್ಟೇಜ್ 226 ಇದೆ. ಟ್ಯೂಬುಗಳನ್ನು ಆರ್ಡರ್ ಮಾಡಿಬಿಟ್ಟೆ, ಐದೂ.

ಹಳೆಯ ವಾಲ್ವು, ವಿಜಯಪುರ:

ತಮ್ಮಾ, ಆತುರಪಟ್ಟೆ. ಒಂದು ದಿನ ತಡೆದಿದ್ದರೆ ದುಡ್ಡು ಉಳಿಯುತ್ತಿತ್ತು.

ನೀವು ಟ್ಯೂಬ್ ಎನ್ನುವುದನ್ನು ನಾವು ವಾಲ್ವು ಎನ್ನುತ್ತಿದ್ದೆವು. ನಾನು ರೇಡಿಯೋ ರಿಪೇರಿಯಲ್ಲಿ ಕೈ ಸುಟ್ಟುಕೊಂಡೇ ಕಲಿತವನು. ಬೆಂಗಳೂರಿನ ಬಿಇಎಲ್ ತಯಾರಿಸಿದ ಎರಡು ಇಎಲ್84 ಇನ್ನೂ ನನ್ನ ಕಪಾಟಿನಲ್ಲಿವೆ. ಆಗ ಹಳ್ಳಿಯವರು ರೇಡಿಯೋವನ್ನು ಪಂಚೆಯಲ್ಲಿ ಸುತ್ತಿಕೊಂಡು ತಂದು ‘ಧಾರವಾಡ ಸಣ್ಣಗಾಗಿದೆ’ ಎನ್ನುತ್ತಿದ್ದರು. ಎಷ್ಟೋ ಸಲ ವಾಲ್ವುಗಳು ಗಟ್ಟಿಯಾಗಿಯೇ ಇರುತ್ತಿದ್ದವು. ಬ್ಯಾಂಡ್ ಸ್ವಿಚ್ಚಿನ ಹಿತ್ತಾಳೆಯ ಎಲೆ ಕಪ್ಪಾಗಿರುತ್ತಿತ್ತು, ಅಷ್ಟೇ.

ನೀನು ಬರೆದದ್ದರಲ್ಲಿ ಮೂರು ಮಾತು ಹಿಡಿದೆ. ತೇವದಲ್ಲಿತ್ತು. ಗುದ್ದಿದರೆ ಬರುತ್ತದೆ. ಹಮ್ ಹೆಚ್ಚಿಲ್ಲ. ಎರಡು ಇಎಲ್84 ಎಂದರೆ ಒಂದು ತಳ್ಳಿದಾಗ ಇನ್ನೊಂದು ಎಳೆಯುವ ಜೋಡೆತ್ತು. ಒಂದು ಮಲಗಿದರೆ ಶಬ್ದ ಇಳಿಯುವುದು ನಿಜ, ಆದರೆ ಪರಸ್ಪರ ಅಳಿಸಿಹೋಗುತ್ತಿದ್ದ ಹಮ್ ಸಾಮಾನ್ಯವಾಗಿ ಎದ್ದು ಕೇಳುತ್ತದೆ, ಸ್ವರವೂ ಒಡೆಯುತ್ತದೆ. ವಾಲ್ವು ಕೆಂಪಗಿದೆ ಎಂಬುದಕ್ಕೆ ಮಾತ್ರ ಮರುಳಾಗಬೇಡ. ಹೀಟರ್ ಉರಿಯುತ್ತಿದೆ ಎಂದಷ್ಟೇ ಅದರ ಅರ್ಥ. ಗಾಜಿನ ತಲೆಯ ಒಳಗೆ ಬೆಳ್ಳಿಯ ಕನ್ನಡಿಯಂಥ ಕಲೆ ಇರುತ್ತದೆ, ನೋಡು. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಆ ವಾಲ್ವಿನ ಕತೆ ಮುಗಿದಂತೆ. ಇನ್ನು ಟ್ರಾನ್ಸ್‌ಫಾರ್ಮರ್: ಗುದ್ದಿಗೆ ಹೆದರಿ ಅರ್ಧ ನಿಮಿಷ ದುಡಿದು ಮತ್ತೆ ಮುಷ್ಕರ ಹೂಡುವ ಟ್ರಾನ್ಸ್‌ಫಾರ್ಮರನ್ನು ನಾನಂತೂ ಕಂಡಿಲ್ಲ.

ಪೆಟ್ಟಿಗೆಯ ಹಿಂಬದಿಯಲ್ಲಿ ಸೆಂಡ್, ರಿಟರ್ನ್ ಎಂಬ ಎರಡು ಜ್ಯಾಕ್ ಇವೆಯೇ? ಇದ್ದರೆ, ಕಾಲಲ್ಲಿ ಒತ್ತುವ ಎಫೆಕ್ಟ್ ಪೆಡಲಿಗೆ ಬಳಸುವ ಒಂದು ಗಿಡ್ಡ ಕೇಬಲ್ ತೆಗೆದುಕೊಂಡು ಅವೆರಡನ್ನೂ ಜೋಡಿಸು. ಅಷ್ಟೇ ಮಾಡಿ ನುಡಿಸಿ ನೋಡು. ಬಿಚ್ಚುವುದು ಏನೂ ಇಲ್ಲ.

ಕಾರಣ ಇದು. ಗಿಟಾರಿನ ಸಿಗ್ನಲ್ ಮೊದಲು ಆಂಪಿನ ಮುಂದಿನ ಅರ್ಧವಾದ ಪ್ರೀಆಂಪಿನಲ್ಲಿ ಬೆಳೆಯುತ್ತದೆ, ಸೆಂಡ್ ಜ್ಯಾಕಿಗೆ ಬರುತ್ತದೆ, ರಿಟರ್ನ್ ಜ್ಯಾಕಿನಿಂದ ಪವರ್ ವಾಲ್ವುಗಳ ಕಡೆ ಹೋಗುತ್ತದೆ. ಅಲ್ಲಿ ಏನನ್ನೂ ಚುಚ್ಚದಿದ್ದಾಗ ರಿಟರ್ನ್ ಜ್ಯಾಕಿನೊಳಗಿನ ಸಣ್ಣ ಸ್ಪ್ರಿಂಗ್ ಎಲೆಯೊಂದು ಪಕ್ಕದ ತುಂಡಿಗೆ ಒರಗಿಕೊಂಡಿರುತ್ತದೆ. ಇಡೀ ಆಂಪಿನ ಶಬ್ದ ಆ ಒರಗಿದ ಬಿಂದುವಿನ ಮೂಲಕವೇ ದಾಟಬೇಕು. ವರ್ಷಗಟ್ಟಲೆ ಯಾರೂ ಅಲ್ಲಿ ಕೇಬಲ್ ಹಾಕದಿದ್ದರೆ, ಮೇಲೆ ನಿಮ್ಮ ಬೆಳಗಾವಿಯ ತೇವವೂ ಸೇರಿದರೆ, ಅಲ್ಲಿ ಕಿಲುಬು ಕಟ್ಟುತ್ತದೆ. ಗುದ್ದಿದಾಗ ಎಲೆ ಕದಲಿ ಒಂದು ಗಳಿಗೆ ಲೋಹಕ್ಕೆ ಲೋಹ ತಾಗುತ್ತದೆ. ಕೇಬಲ್ ಹಾಕಿದರೆ ಆ ಎಲೆಯ ಹಂಗೇ ಇರುವುದಿಲ್ಲ.

ಇದರಿಂದಲೂ ಬದಲಾವಣೆ ಕಾಣದಿದ್ದರೆ ಮೊಬೈಲಿನಿಂದ ರಿಟರ್ನಿಗೆ ಹಾಡು ಹಾಕು. ಜೋರಾಗಿ ಬಂದರೆ ದೋಷ ಮುಂದಿನ ಅರ್ಧದಲ್ಲಿದೆ, 12ಎಎಕ್ಸ್7 ಒಂದೊಂದನ್ನೇ ಬದಲಿಸುತ್ತ ಬಾ. ಪೀಚಾಗಿಯೇ ಇದ್ದರೆ ಪವರ್ ಕಡೆ ನೋಡಬೇಕು. ಸರ್ಕ್ಯೂಟ್ ಕೂತಿರುವ ಲೋಹದ ಚಾಸಿ ಮಾತ್ರ ಬಿಚ್ಚಬೇಡ. ಪ್ಲಗ್ ಕಿತ್ತಿಟ್ಟರೂ ಫಿಲ್ಟರ್ ಕೆಪಾಸಿಟರುಗಳಲ್ಲಿ 300 ವೋಲ್ಟಿನಷ್ಟು ಕುಳಿತಿರಬಹುದು. ನನ್ನ ಎಡಗೈ ಹೆಬ್ಬೆರಳಿಗೆ ಅದರ ನೆನಪು ಇನ್ನೂ ಇದೆ. ಸ್ಪೀಕರಿನ ತಂತಿ ಕಿತ್ತು ಆಂಪ್ ಹಚ್ಚುವುದೂ ಬೇಡ. ಹಾಗೆ ಮಾಡಿದರೆ ಆ ಅಂಗಡಿಯವರ ಮಾತು ನಿಜವಾಗಿಬಿಡುತ್ತದೆ.

ಶಹಾಪುರ ಗಿಟಾರ್, ಬೆಳಗಾವಿ:

ಕಾಕಾ, ಜ್ಯಾಕುಗಳಿವೆ. ಆರು ವರ್ಷದಲ್ಲಿ ಒಮ್ಮೆಯೂ ಬಳಸಿರಲಿಲ್ಲ, ಅವು ಯಾತಕ್ಕೆ ಎಂದೂ ಕೇಳಿರಲಿಲ್ಲ. ಡಿಲೇ ಪೆಡಲಿನಿಂದ ಗೇಣುದ್ದದ ಕೇಬಲ್ ಕಿತ್ತು ಎರಡಕ್ಕೂ ಸಿಕ್ಕಿಸಿದೆ. ವಾಲ್ಯೂಮ್ ಎಂಟರಲ್ಲೇ ಉಳಿದಿದೆ ಎಂಬುದನ್ನು ಮರೆತಿದ್ದೆ. ಒಂದೇ ಇ ಮೈನರ್ ಕಾರ್ಡ್ ನುಡಿಸಿದೆ. ಡಬ್ಬಿಗಳಲ್ಲ, ಹಲಗೆಯೇ ನಡುಗಿತು. ಬೇಳೆ ಆರಿಸುತ್ತಿದ್ದ ಅವ್ವ ಮೊರವನ್ನು ಹಾಗೇ ಬಿಟ್ಟು ಬಂದು ಬಾಗಿಲಲ್ಲಿ ನಿಂತಳು. ಅವಳು ಅಂದದ್ದನ್ನು ಇಲ್ಲಿ ಬರೆಯಲಾರೆ.

ಕೇಬಲ್ ತೆಗೆದರೆ ಮತ್ತೆ ಪಿಸುಮಾತು, ಹಾಕಿದರೆ ಗುಡುಗು. ಹತ್ತು ಸಲ ಮಾಡಿ ನೋಡಿದೆ. ಈಗ ಮುಂದೇನು?

ಹಳೆಯ ವಾಲ್ವು, ವಿಜಯಪುರ:

ವಿದ್ಯುತ್ ಭಾಗಗಳಿಗೆ ಹೊಡೆಯುವ ಕಾಂಟ್ಯಾಕ್ಟ್ ಕ್ಲೀನರ್ ಸಿಗುತ್ತದೆ, ತಾ. ಬಾಗಿಲ ಕೀಲಿಗೆ ಹಾಕುವ ಎಣ್ಣೆ ಬೇಡ, ಅದು ಧೂಳು ಹಿಡಿಯುತ್ತದೆ. ಪ್ಲಗ್ ಕಿತ್ತು ಆಂಪನ್ನು ತಣಿಯಲು ಬಿಡು. ರಿಟರ್ನ್ ಜ್ಯಾಕಿಗೆ ಕೇಬಲ್ಲಿನ ತುದಿಯನ್ನು ಅರ್ಧ ತೂರಿಸಿದರೆ ಎಲೆ ಮೇಲೇಳುತ್ತದೆ; ಆ ಸಂದಿಯಲ್ಲಿ ಒಂದು ಸಲ ಹೊಡೆ. ಆಮೇಲೆ ಇಪ್ಪತ್ತು ಸಲ ಒಳಗೆ ಹೊರಗೆ ಮಾಡು. ಹದಿನೈದು ನಿಮಿಷ ಆರಿದ ಮೇಲೆಯೇ ಕರೆಂಟು ಹಾಕು.

ನವನಗರದ ಬೇಸ್, ಬಾಗಲಕೋಟೆ:

ನನ್ನ ಆಂಪಿನಲ್ಲಿಯೂ ಆ ಎರಡು ಜ್ಯಾಕ್ ಇವೆ. ಇಎಲ್84 ಬದಲಿಸುವಾಗ ಪೆಟ್ಟಿಗೆಯನ್ನು ಬೋರಲು ಹಾಕಿ ಸಾಕಷ್ಟು ಕುಲುಕಿದ್ದೆ. ಸರಿಹೋದದ್ದು ಟ್ಯೂಬಿನಿಂದಲೋ ಕುಲುಕಿದ್ದರಿಂದಲೋ ಎಂದು ಈಗ ಅನುಮಾನ ಬರುತ್ತಿದೆ. ತೆಗೆದಿಟ್ಟ ಹಳೆಯ ಜೋಡಿಯನ್ನು ಹಾಕಿ ನೋಡುತ್ತೇನೆ.

ಶಹಾಪುರ ಗಿಟಾರ್, ಬೆಳಗಾವಿ:

ಸ್ಪ್ರೇ ಹೊಡೆದ ಮೇಲೆ ನಾಲ್ಕು ದಿನ ಚೆನ್ನಾಗಿತ್ತು. ನಿನ್ನೆ ತಾಲೀಮಿನ ಕೊನೆಯಲ್ಲಿ ಮತ್ತೆ ಕರಕರ. ಟ್ಯೂಬುಗಳ ಪಾರ್ಸಲ್ ಕೂಡ ಬಂತು, ಇನ್ನೂ ಒಡೆದಿಲ್ಲ.

ಹಳೆಯ ವಾಲ್ವು, ವಿಜಯಪುರ:

ಎಲೆಯ ಬಿಗಿ ಹೋಗಿದೆ, ಹೊಸ ಜ್ಯಾಕ್ ಬೇಕು. ಬೆಸುಗೆಯ ಕೆಲಸ ಬಲ್ಲವನಿಗೆ ಅರ್ಧ ಗಂಟೆಯೂ ಹಿಡಿಯುವುದಿಲ್ಲ, ಆದರೆ ಮೊದಲು ಕೆಪಾಸಿಟರ್ ಖಾಲಿ ಮಾಡಬೇಕೆಂದು ಅವನಿಗೆ ಹೇಳು. ಹಬ್ಬದವರೆಗೆ ಆ ಗೇಣುದ್ದದ ಕೇಬಲ್ಲೇ ಇರಲಿ, ಯಾರ ಕಾಲಿಗೂ ಸಿಕ್ಕದಂತೆ ಟೇಪು ಸುತ್ತು. ವಾಪಸು ತೆಗೆದುಕೊಂಡರೆ ಪಾರ್ಸಲ್ ಕಳಿಸಿಬಿಡು. ಇಲ್ಲದಿದ್ದರೆ ಇಎಲ್84 ಜೋಡಿಯನ್ನು ಹತ್ತಿಯಲ್ಲಿ ಸುತ್ತಿ ಎತ್ತಿಡು.

ಶಹಾಪುರ ಗಿಟಾರ್, ಬೆಳಗಾವಿ:

ಟೇಪು ಸುತ್ತಿದ್ದೇನೆ ಕಾಕಾ. ಅನಂತ ಚತುರ್ದಶಿಯ ಮರುದಿನ ಆಂಪ್ ಬಿಚ್ಚಿಸುತ್ತೇನೆ, ಹಳೆಯ ಜ್ಯಾಕಿನ ಫೋಟೋ ಹಾಕುತ್ತೇನೆ. ಡಿಲೇ ಪೆಡಲಿಗೆ ಈಗ ಕೇಬಲ್ ಇಲ್ಲ, ಈ ಸಲ ಹಾಡುಗಳು ಪ್ರತಿಧ್ವನಿ ಇಲ್ಲದೆಯೇ.